ಲಂಟಾನದ ಜೊತೆ ಬಾಳಿದ ಹುಲ್ಲು

ಕಾಡಿನ ಕಳೆ ಕೀಳಲು ಹೋದವರು ನಗೆಪಾಟಲಾಗದೆ ವಾಪಸು ಬಂದದ್ದನ್ನು ನಾನು ಕಂಡಿಲ್ಲ. ನಾನೂ ಆ ಪಟ್ಟಿಯಲ್ಲಿದ್ದೇನೆ, ಮೇಲಿನಿಂದ ಮೊದಲನೆಯವನು.

ವಯನಾಡು ಹೊಸ ಜಿಲ್ಲೆಯಾಗಿದ್ದ ವರ್ಷಗಳವು. ಮರಕ್ಕಡವಿನಲ್ಲಿ ನಮ್ಮದು ಮೆಣಸು, ಕಾಫಿ ಬೆಳೆಯುವ ಕನ್ನಡದ ಮನೆ. ಹೊಳೆಯಾಚೆಯ ಕರ್ನಾಟಕದಿಂದ ಕಾಲೇಜು ಮೇಷ್ಟರೊಬ್ಬರು ಗಿಡಗಳ ಅಧ್ಯಯನಕ್ಕೆ ಬಂದರು. ಅವರಿಗೆ ಮಲಯಾಳ ಬಾರದು, ದಾರಿಯೂ ಗೊತ್ತಿಲ್ಲ. ನನ್ನನ್ನು ಜೊತೆಗಿಟ್ಟುಕೊಂಡರು. ಅವರ ಪ್ರಶ್ನೆ ಇಷ್ಟೇ: ಹೊರಗಿನಿಂದ ಬಂದ ಲಂಟಾನ ಗುಡ್ಡವನ್ನೆಲ್ಲ ನುಂಗಿದ ಮೇಲೆ, ಅದರ ನಡುವೆಯೇ ಅಲ್ಲೊಂದು ಇಲ್ಲೊಂದು ಉಳಿದ ನಮ್ಮ ಹುಲ್ಲು ಮೊದಲಿನ ಹುಲ್ಲೇ, ಇಲ್ಲವೇ ತಲೆಮಾರು ಕಳೆದಂತೆ ಬದಲಾಗಿದೆಯೇ?

ಕಾಡಂಚಿನ ಆದಿವಾಸಿ ಹಾಡಿಯ ಅಜ್ಜಿಗೆ ಬೇರೆಯೇ ಚಿಂತೆ. ಅವರ ದೈವದ ಪುಟ್ಟ ಗುಡಿಸಲಿಗೆ ಮಳೆಗೆ ಮುಂಚೆ ಆ ಜಾತಿಯ ಹುಲ್ಲನ್ನೇ ಹೊದಿಸಬೇಕು, ಬೇರೆಯದು ಸಲ್ಲದು. ಎರಡು ವರ್ಷದಿಂದ ಹುಲ್ಲು ಸಿಗದೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅದು ಕಂಡಾಗೆಲ್ಲ ಅಜ್ಜಿಯ ಕಣ್ಣು ತುಂಬುತ್ತಿತ್ತು. ನನಗೂ ನೋಡಲಾಗುತ್ತಿರಲಿಲ್ಲ.

ಸ್ವಾಗತದ ಹಾರ

ಲಂಟಾನ ಕಡಿಯುವ ಕೆಲಸ ಉದ್ಘಾಟಿಸಲು ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ ಬರುವವರಿದ್ದರು. ಹಾರ ತರಬೇಕಾದವನು ನಾನು. ಪುಲ್ಪಳ್ಳಿ ಪೇಟೆಯ ಬಸ್ಸು ಕೈಕೊಟ್ಟಿತು. ಅಷ್ಟರಲ್ಲಿ ಜೀಪಿನ ಸದ್ದು. ಕೈಗೆ ಸಿಕ್ಕ ಹೂ ಪೋಣಿಸಿ ಕೊರಳಿಗೆ ಹಾಕಿಯೇಬಿಟ್ಟೆ.

"ಎಷ್ಟು ಲಕ್ಷಣವಾದ ಹೂ! ಯಾವ ಗಿಡದ್ದು?" ಎಂದರು ಅಧಿಕಾರಿ.

ಅಜ್ಜಿ, "ಈಗ ನೀನು ಕಡಿಯಾಕೆ ಬಂದೀಯಲ್ಲಾ ಸಾರೇ, ಅದರದ್ದೇ" ಎಂದಳು.

ಪುಣ್ಯಾತ್ಮರು ಸಿಟ್ಟಾಗಲಿಲ್ಲ. ಹಾರ ತೆಗೆದು ನೆಲದ ಮೇಲಿಟ್ಟು, ಕತ್ತಿ ಇಸಿದುಕೊಂಡು, ಅದನ್ನೇ ಮೊದಲು ಕಡಿದು ಉದ್ಘಾಟನೆ ಮುಗಿಸಿದರು.

ಗೂಟ

ತೆರವಾದ ಜಾಗದಲ್ಲಿ ಮೇಷ್ಟರು ಎರಡು ದೊಡ್ಡ ಪಾತಿ ಮಾಡಿಸಿದರು. ಒಂದಕ್ಕೆ ಲಂಟಾನದ ನಡುವೆ ಉಳಿದಿದ್ದ ಹುಲ್ಲಿನ ಬೀಜ. ಇನ್ನೊಂದಕ್ಕೆ ಲಂಟಾನದ ಮುಖವನ್ನೇ ಕಾಣದ ದೂರದ ಬಯಲಿನಿಂದ ತಂದ ಅದೇ ಜಾತಿಯ ಬೀಜ. ಎರಡು ಪಾತಿಯ ಹುಲ್ಲಿನ ನಡುವೆಯೂ ಒಂದೇ ಸಮ ಲಂಟಾನದ ಸಸಿ. ಯಾವ ಹುಲ್ಲು ತಾಳುತ್ತದೆ ಎಂದು ನೋಡುವುದು.

ದನ ನುಗ್ಗದ ಹಾಗೆ ಬೇಲಿ ಕಟ್ಟುವ ಕೆಲಸ ನನ್ನದು. ಕಡಿದ ಲಂಟಾನದ ರಾಶಿ ಪಕ್ಕದಲ್ಲೇ ಬಿದ್ದಿತ್ತು. ಬಿಟ್ಟಿ ಗೂಟ! ಸಾಲಾಗಿ ನೆಟ್ಟು, ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಇಡವಪ್ಪಾದಿಯ ಮುಂಗಾರು ಮಳೆ ಹಿಡಿಯಿತು ನೋಡಿ, ಗೂಟಗಳೆಲ್ಲ ಚಿಗುರಿ, ಕೊಂಬೆ ಬಿಟ್ಟು, ಪಾತಿಯ ಮೇಲೆ ಬಾಗಿದವು.

ಮೇಷ್ಟರು ಕನ್ನಡಕ ಒರೆಸಿಕೊಂಡರು. "ಬೇಲಿಯೇ ಎದ್ದು ಹೊಲ ಮೇಯೋದು ಬರೀ ಗಾದೆ ಅಂದ್ಕೊಂಡಿದ್ದೆ ಮಾರಾಯ. ನೀನು ಮಾಡಿ ತೋರಿಸಿದೆ."

ಸುಮ್ಮನಿರದ ಕೈ

ಹಾಡಿಯ ಹೆಂಗಸರು ತೋಟಗಳಲ್ಲಿ ಕಳೆ ಕಿತ್ತು ಬದುಕುವವರು. ಕಳೆ ಕಂಡರೆ ಕೈ ಸುಮ್ಮನಿರದು. ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಮೇಷ್ಟರು ಮಕ್ಕಳ ಹಾಗೆ ಸಾಕಿದ್ದ ಲಂಟಾನದ ಸಸಿಗಳೆಲ್ಲ ಬೇರು ಸಮೇತ ಬದಿಯಲ್ಲಿ ಒಪ್ಪವಾಗಿ ಮಲಗಿವೆ.

"ಒಂದೂ ಬಿಟ್ಟಿಲ್ಲ ಮಾಷೇ. ಕೂಲಿ ಏನೂ ಬೇಡ" ಎಂದರು ಹೆಂಗಸರು. ಮೇಷ್ಟರು ಅಲ್ಲೇ ಕುಳಿತುಬಿಟ್ಟರು.

ಸಸಿಗಳನ್ನು ಮತ್ತೆ ನೆಡುತ್ತಾ ನಾನು ಅಜ್ಜಿಗೆ ದೊಡ್ಡ ಪಂಡಿತನಂತೆ ಬಿಡಿಸಿ ಹೇಳಿದೆ: ಲಂಟಾನದ ಜೊತೆ ಇದ್ದೂ ಇದ್ದೂ ಹುಲ್ಲು ಬಾಳುವುದನ್ನು ಕಲಿತಿದೆಯೋ ಎಂದು ಪರೀಕ್ಷೆ.

"ಪುಲ್ಲು ಎಲ್ಲಿ ಕಲೀತದೆ?" ಅಜ್ಜಿ ನಕ್ಕಳು. "ತಾಳದ್ದು ಸತ್ತೋತು. ತಾಳಿದ್ದು ಬೀಜ ಬಿಟ್ಟಿತು. ಇವು ಅದರ ಮಕ್ಕ."

ಮೇಷ್ಟರು ಎದ್ದು ನಿಂತರು. "ಇಷ್ಟನ್ನು ನನ್ನ ಹುಡುಗರ ತಲೆಗೆ ಹಾಕೋಕೆ ನನಗೆ ಒಂದು ವರ್ಷ ಬೇಕು ಅಜ್ಜಿ!"

"ಅವರನ್ನೂ ಕಳೆ ಕೀಳಾಕೆ ಕಳ್ಸು" ಎಂದಳು ಅಜ್ಜಿ.

ದೈವದ ಸೂರು

ಮರುವರ್ಷ ಮಳೆಗೆ ಮುಂಚೆ ಹುಲ್ಲು ಕೊಯ್ದು, ಒಣಗಿಸಿ, ಎರಡು ಪಾತಿಯದ್ದನ್ನೂ ತೂಗಬೇಕಿತ್ತು. ಪರೀಕ್ಷೆಯ ಜೀವವೇ ಆ ತೂಕ. ಮೇಷ್ಟರು ಕಾಲೇಜಿನ ಕೆಲಸದಲ್ಲಿ ಸಿಕ್ಕಿಕೊಂಡು ಒಂದು ವಾರ ತಡವಾಗಿ, ತಕ್ಕಡಿ ಹೊತ್ತು ಬಂದರು. ಎರಡು ಪಾತಿಯಲ್ಲೂ ಮುಷ್ಟಿಯೆತ್ತರದ ಕೂಳೆ ಬಿಟ್ಟರೆ ಒಂದು ಎಸಳಿಲ್ಲ.

ಇಬ್ಬರೂ ಹಾಡಿಗೆ ಓಡಿದೆವು. ದೈವದ ಗುಡಿಸಲ ಮೇಲೆ ಪ್ಲಾಸ್ಟಿಕ್ ಇರಲಿಲ್ಲ. ಅಜ್ಜಿ ಎದುರಿಗೆ ಕಾಲು ಚಾಚಿ ಕುಳಿತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ದೈವಕ್ಕೆ ಸೂರಾಯ್ತು ಮಾಷೇ" ಎಂದಳು.

ಆ ಮುಖ ನೋಡಿ ಯಾರಿಗೆ ಬೈಯಲು ಬಾಯಿ ಬರುತ್ತದೆ? ಮೇಷ್ಟರು ಮೆಲ್ಲಗೆ ಕೇಳಿದರು, "ಎರಡು ಪಾತಿ ಹುಲ್ಲನ್ನೂ ಕಲಸಿಬಿಟ್ಟೆಯಾ ಅಜ್ಜಿ?"

ಅಜ್ಜಿಗೆ ಅವಮಾನವೇ ಆಯಿತು. "ಕಲಸೋದೆಂಗೆ? ಒಂದು ಕಡೆ ಬೆಳೆದ ಪುಲ್ಲಿಗೆ ಇನ್ನೊಂದು ಕಡೇದು ಸೇರಿಸಿ ಹೊದಿಸಬಾರದು. ನಮ್ಮ ದೈವ ಒಪ್ಪಾಕಿಲ್ಲ. ಪಡುವಣಕ್ಕೆ ಆ ಲಂಟಾನದೊಳಗಿದ್ದ ಪುಲ್ಲಿನದು, ಮೂಡಣಕ್ಕೆ ನಿನ್ನ ಬಯಲಿನದು."

ಸುತ್ತಿ ಬಂದು ನೋಡಿದೆವು. ಪಡುವಣ ಮಗ್ಗುಲು ದಪ್ಪಗೆ, ತುದಿಯಿಂದ ತುದಿಗೆ ತುಂಬಿತ್ತು. ಮೂಡಣದ ಮಗ್ಗುಲು ಅರ್ಧಕ್ಕೇ ನಿಂತು, ಬಿದಿರಿನ ಗಳಗಳು ಕಾಣುತ್ತಿದ್ದವು. ಒಂದು ವರ್ಷದ ಪರೀಕ್ಷೆಯ ಉತ್ತರ ಆ ಸೂರಿನ ಮೇಲೇ ಇತ್ತು.

ಮೇಷ್ಟರು ತಕ್ಕಡಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಜೇಬಿನಿಂದ ಟೇಪು ತೆಗೆದರು. ಇನ್ನೊಂದು ತುದಿಯನ್ನು ಅಜ್ಜಿ ಹಿಡಿದಳು. ಉದ್ದ, ಅಗಲ, ದಪ್ಪ ಎಲ್ಲ ನಾನು ಬರೆದುಕೊಂಡೆ. ನನ್ನ ಕಣ್ಣು ಮಂಜಾಗಿತ್ತು. ಮೇಷ್ಟರದ್ದೂ ಆಗಿತ್ತು.

"ಅದೆಲ್ಲ ಸರಿ ಅಜ್ಜಿ. ಈ ಅರ್ಧ ಹಾಗೇ ಇದೆಯಲ್ಲ, ಮಳೆ ಬಂದರೆ?" ಎಂದರು ಮೇಷ್ಟರು.

"ಅದಕ್ಕೇ ಹೇಳ್ತೀನಿ, ಕೇಳು. ಬರೋ ವರ್ಷ ಆ ಮೈಗಳ್ಳ ಪುಲ್ಲು ಬೇಡ. ಎರಡು ಪಾತಿಗೂ ಈ ಗಟ್ಟಿ ಪುಲ್ಲೇ ಹಾಕು. ನಿನ್ನ ಪರೀಕ್ಷೆನೂ ಪಾಸಾಯ್ತದೆ, ದೈವದ ತಲೆನೂ ನೆನೆಯಾಕಿಲ್ಲ."