ನಾಲ್ಕು ಮೂಲೆಗೆ ಐದು ತಂಬಿಗೆ

ನಮ್ಮ ಸೋದರಮಾವನ ಬಾಳಿನಲ್ಲಿ ಈವರೆಗೆ ಯಾವ ಆಪತ್ತೂ ಬಂದಿಲ್ಲ. ಬರಲು ಆಪತ್ತಿಗೇ ಧೈರ್ಯ ಸಾಲದು ಎಂಬುದು ನನ್ನ ನಮ್ರ ಅಭಿಪ್ರಾಯ. ಜಲನಗರದ ಮನೆಯಿಂದ ಗಾಂಧಿ ಚೌಕಕ್ಕೆ ಕಾಯಿಪಲ್ಲೆ ತರಲು ಹೊರಟರೂ ಅವರ ಕೈಯಲ್ಲೊಂದು ಛತ್ರಿ, ಚೀಲದಲ್ಲಿ ಇನ್ನೊಂದು. ವಿಜಯಪುರದ ಆಕಾಶ ಎಂಥ ಜಿಪುಣ ಎಂಬುದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. "ಎರಡ್ಯಾಕ ಮಾಮಾ?" ಎಂದರೆ, "ಒಂದು ಮಳಿ ಬಂದ್ರ, ಇನ್ನೊಂದು ಮೊದಲನೇದು ಹರದ್ರ" ಎನ್ನುತ್ತಾರೆ.

ಜೈನಾಪುರದ ಹೊಲಕ್ಕೆ ಹೋಗಲು ಬಬಲೇಶ್ವರದ ಬಸ್ಸು ಹತ್ತಿದರೂ ಅಷ್ಟೇ, ಆಪತ್ಕಾಲದ ಬಾಗಿಲಿನ ಪಕ್ಕದಲ್ಲೇ ಕೂರಬೇಕು. ಕೂತರೆ ಸಾಕೇ? ಅದು ನಿಜವಾಗಿ ತೆರೆಯುತ್ತದೆಯೇ ಎಂದು ಒಮ್ಮೆ ತೆರೆದು ನೋಡಿದರು. ತೆರೆಯಿತು. ಕಂಡಕ್ಟರ್ ಬಸ್ಸು ನಿಲ್ಲಿಸಿ ಅದೇ ಬಾಗಿಲಿನಿಂದ ಅವರನ್ನು ಇಳಿಸಿದ. "ಬಾಗಲಾ ಚಲೋ ಐತಿ" ಎಂದು ಮಾಮಾ ರಸ್ತೆಯಲ್ಲಿ ನಿಂತು ಪ್ರಮಾಣಪತ್ರ ಕೊಟ್ಟರಂತೆ.

ಇಂಥವರು ವಿಮೆಯನ್ನು ಬಿಟ್ಟಾರೆಯೇ? ಸ್ಕೂಟರಿಗಾಯಿತು, ಮನೆಗಾಯಿತು, ಎಮ್ಮೆಗೂ ಆಯಿತು. ಎಮ್ಮೆಯ ಕಿವಿಗೆ ಕಂಪನಿಯವರು ಬಿಲ್ಲೆ ಹೊಡೆದ ದಿನ ನಮ್ಮ ಅತ್ತೆ ತಮ್ಮ ಕಿವಿಗಳನ್ನು ಸೆರಗಿನಿಂದ ಮುಚ್ಚಿಕೊಂಡೇ ಓಡಾಡಿದರು.

ಹೀಗಿರಲು ಮಗಳ ಮದುವೆ ಗೊತ್ತಾಯಿತು. ಮದುವೆಗೂ ವಿಮೆ ಇದೆ ಎಂದು ಯಾರೋ ಹೇಳಿದ್ದೇ ತಡ, ಮಾಮಾ ಒಬ್ಬ ತರುಣ ಏಜೆಂಟನನ್ನು ಮನೆಗೆ ಕರೆಸಿದರು. ಸಾಕ್ಷಿಗಿರಲಿ ಎಂದು ನನ್ನನ್ನೂ ಟಿಕೋಟಾದಿಂದ ಕರೆಸಿದರು.

"ಬೆಂಕಿ ಬಿದ್ರ ಪರಿಹಾರ ಐತೇನಪಾ?"

"ಐತ್ರಿ."

"ಹಂಗಾದ್ರ ಹುಗ್ಗಿ ಹೊತ್ತಿದ್ರ?"

ಏಜೆಂಟ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಹುಗ್ಗಿಗೆ ಬರೂದಿಲ್ರಿ."

"ಯಾಕ? ಅದೂ ಬೆಂಕೀಲೇ ಹೊತ್ತತೈತಿ. ಇರ್ಲಿ, ಬೀಗರು ಸಿಟ್ಟಾಗಿ ಎದ್ದು ಹೋದ್ರ?"

"ಅದು ಮನಶ್ಯಾರ ಸ್ವಭಾವ್ರಿ ಕಾಕಾ, ಅಪಘಾತ ಅಲ್ಲ."

"ನೀ ನಮ್ಮ ಬೀಗರನ್ನ ನೋಡಿಲ್ಲ."

ಒಳಗಿನಿಂದ ಅತ್ತೆ, "ನಿಮ್ಮ ಪ್ರಶ್ನಿ ಕೇಳಿ ಆ ಹುಡಗ ಎದ್ದು ಹೋದ್ರ ಅದಕ್ಕೂ ಪರಿಹಾರ ಐತೇನು ಕೇಳ್ರಿ" ಎಂದರು.

ಆದರೆ ಮಾಮಾನ ಪ್ರಶ್ನೆ ಹುಗ್ಗಿಯದಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮವ್ವ ಅವರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಚೆಗೆ ಅವಳ ಹೃದಯ ಸೋತಿತ್ತು. ಪ್ರಯಾಣವೂ ಬೇಡ, ಮದುವೆಯ ಗದ್ದಲವೂ ಬೇಡ ಎಂದು ಡಾಕ್ಟರು ಟಿಕೋಟಾದ ಮನೆಯಲ್ಲಿ ಕೂರಿಸಿದ್ದರು. ಅಕ್ಕನಿಗೆ ಏನಾದರೂ ಆದೀತೇ ಎಂಬ ಒಂದೇ ಹೆದರಿಕೆ ಮಾಮಾನಿಗೆ. ಅದನ್ನು ನೇರವಾಗಿ ಕೇಳಲಾರದೆ ಹುಗ್ಗಿಯಿಂದ ಆರಂಭಿಸಿದ್ದರು.

ಕೊನೆಗೆ ಕನ್ನಡಕ ಒರೆಸುತ್ತ ಕೇಳಿದರು: "ಹತ್ತಿರದವರಿಗೆ ಏನರ ಆಗಿ, ಮದುವಿ ಮುಂದಕ್ಕ ಹೋದ್ರ?"

"ಅದಕ್ಕ ಐತ್ರಿ. ಆದ್ರ ಮೊದಲಿಂದ ಬ್ಯಾನಿ ಇದ್ದವ್ರು ಲೆಕ್ಕಕ್ಕ ಬರೂದಿಲ್ರಿ."

ಮಾಮಾ ಕನ್ನಡಕ ಹಾಕಿಕೊಂಡರು. ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಅಂದ್ರ ನಮ್ಮಕ್ಕ ಲೆಕ್ಕಕ್ಕಿಲ್ಲ."

"ಪಾಲಿಸಿಯೊಳಗ ಇಲ್ರಿ."

"ಆಕಿ ಲೆಕ್ಕಕ್ಕಿಲ್ಲದ ಮದುವಿಗೆ ನಾ ಏನಂತ ವಿಮಾ ಮಾಡಸ್ಲಿ? ಚಾ ಕುಡದು ಹೋಗು ತಮ್ಮಾ."

ಎಮ್ಮೆಗೂ ವಿಮೆ ಮಾಡಿಸಿದ ಮನುಷ್ಯ ಮಗಳ ಮದುವೆಗೆ ಬೇಡವೆಂದ ಸುದ್ದಿ ಬಳಗದಲ್ಲೆಲ್ಲ ಹಬ್ಬಿತು. ಮಾಮಾನಿಗೆ ಹುಷಾರಿಲ್ಲವೇ ಎಂದು ವಿಚಾರಿಸಲು ಬಬಲೇಶ್ವರದಿಂದ ಇಬ್ಬರು ಬಂದು ಊಟ ಮಾಡಿ ಹೋದರು.

ಮದುವೆಯ ಮುನ್ನಾದಿನ ಬೆಳಿಗ್ಗೆ ಜಲನಗರದ ಹಂದರದಲ್ಲಿ ಸುರಗಿ ಸುತ್ತಬೇಕಿತ್ತು. ನಾಲ್ಕು ಮೂಲೆಗೆ ನಾಲ್ಕು ನೀರಿನ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ಮದುಮಗಳನ್ನೂ ಕರುಳಿನವರನ್ನೂ ನಡುವೆ ಕೂರಿಸಿ ನೀರೆರೆಯುವ ಶಾಸ್ತ್ರ. ಮದುಮಗಳ ಸೋದರತ್ತೆ, ಅಂದರೆ ನಮ್ಮವ್ವ, ಅದರೊಳಗೆ ಇರಲೇಬೇಕು. "ಫೋನಿನ್ಯಾಗ ತೋರಸ್ರೆಪಾ, ಇಲ್ಲಿಂದನ ನೋಡ್ತೇನಿ" ಎಂದು ಅವ್ವ ಬೆಳಿಗ್ಗೆಯೇ ಹೊಸ ಸೀರೆ ಉಟ್ಟು ಕೂತಿದ್ದಳು.

ಆಗ ಟಿಕೋಟಾದ ನಮ್ಮ ಮನೆಯ ಮುಂದೆ ಒಂದು ಟಂಟಂ ಬಂದು ನಿಂತಿತು. ಅತ್ತೆ ಇಳಿದರು, ಅರಿಷಿಣ ಮೆತ್ತಿದ ಮದುಮಗಳು ಇಳಿದಳು. ಹಿಂದೆ ಚೀಲ ಹಿಡಿದ ಮಾಮಾ.

"ಹಂದರ ಬಿಟ್ಟು ಬ್ಯಾರೆ ಮನ್ಯಾಗ ಸುರಗಿ ಸುತ್ತತಾರೇನೋ ಹುಚ್ಚಾ?" ಎಂದಳು ಅವ್ವ.

"ಹಂದರ ಬರೂದಿಲ್ಲ, ನಿನಗ ಅಲ್ಲಿಗಿ ಬರಾಕ ಆಗೂದಿಲ್ಲ. ಬರೂವಂಥವನ್ನ ತಂದೇನಿ."

ಚೀಲದಿಂದ ತಂಬಿಗೆಗಳು ಹೊರಬಂದವು. ನಾಲ್ಕು ಮೂಲೆಗೆ ಐದು ತಂಬಿಗೆ. ನೂಲಿನ ಉಂಡೆ ಎರಡು. ಅತ್ತೆ ಹಣೆ ಚಚ್ಚಿಕೊಂಡರು.

ಅವ್ವ ಮದುಮಗಳ ಪಕ್ಕ ಮಣೆಯ ಮೇಲೆ ಕೂತಳು. ಮಾಮಾ ತಾವೇ ನೂಲು ಹಿಡಿದು ಸುತ್ತಲು ನಿಂತರು.

"ಲೇ ತಮ್ಮಾ, ಸಾವಕಾಶ. ಹಸೀ ನೂಲು, ಹರದೀತು."

"ಹರೀಲಿ ಬಿಡಕ್ಕಾ, ಇನ್ನೊಂದು ಉಂಡಿ ಐತಿ."

ಐದು ಸುತ್ತಿಗೆ ಶಾಸ್ತ್ರ ಮುಗಿಯುತ್ತದೆ. ಐದಾಯಿತು. ಮಾಮಾ ನಿಲ್ಲಲಿಲ್ಲ. ಅಕ್ಕನ ಮುಖ ನೋಡುತ್ತ ಸುತ್ತುತ್ತಲೇ ಇದ್ದರು. ಮೊದಲ ಉಂಡೆ ತೀರಿತು. ಅದರ ತುದಿಗೆ ಎರಡನೆಯದನ್ನು ಗಂಟು ಹಾಕಿದರು. ಸಾಕು ಎಂದು ಹೇಳಲು ಅತ್ತೆ ಬಾಯಿ ತೆರೆದವರು, ಸುಮ್ಮನೆ ನೂಲು ಸಿಕ್ಕಾಗದಂತೆ ಉಂಡೆ ಬಿಚ್ಚಿಕೊಡುತ್ತ ಅವರ ಹಿಂದೆ ನಡೆದರು.