ಮೂರು ತಾಲೂಕಿನ ಹಸೆ ಹಾಡು

ಮಕ್ಕಳೇ,

ನಮ್ಮ ಪಲ್ಲವಿಯ ಮದುವೆಯ ದಿನ ನಾನು ಏನು ಅವಾಂತರ ಮಾಡಿದೆ ಎಂಬುದರ ಬಗ್ಗೆ ನಿಮ್ಮೊಳಗೆ ನಾಲ್ಕಾರು ಕಥೆಗಳು ಓಡಾಡುತ್ತಿವೆಯಂತೆ. ಒಂದರಲ್ಲಿ ನಾನು ಕ್ಯಾಮೆರಾ ಕಂಡು ಓಡಿಹೋದೆನಂತೆ. ಇನ್ನೊಂದರಲ್ಲಿ ಪಕ್ಕದ ಮನೆಯ ಗೌರಕ್ಕ ಸ್ಟುಡಿಯೋದವನಿಗೆ ಹೊಡೆದಳಂತೆ. ಎರಡೂ ಸುಳ್ಳು. ನಿಜ ಇದಕ್ಕಿಂತ ಕೆಟ್ಟದಾಗಿದೆ. ಎದುರು ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೆ ನನಗೆ ಭಯವೇನೂ ಇರಲಿಲ್ಲ. ಬಾಡಿಗೆಗೆ ಒಂದು ಸ್ಟುಡಿಯೋ ಆರಿಸಬೇಕು, ಅಷ್ಟೇ ತಾನೇ? ನಾನು ಕಲಿತದ್ದು ಊರ ಶಾಲೆಯ ಏಳನೇ ಇಯತ್ತೆಯವರೆಗೆ ಇರಬಹುದು. ಆದರೆ ಒಬ್ಬ ಸೊಸೆಯನ್ನೂ ಏಳು ಎಮ್ಮೆಗಳನ್ನೂ ನಾನೇ ನೋಡಿ ಆರಿಸಿದ್ದೇನೆ. ಈವರೆಗೆ ಯಾವುದೂ ಒದ್ದಿಲ್ಲ. (ಎಮ್ಮೆಗಳ ಮಾತು.)

ವಿಷಯ ಇಷ್ಟು. ಪಲ್ಲವಿಯ ಮದುವೆ ಪುಣೆಯಲ್ಲಿ, ಗುರುವಾರ. ನನಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು. ದೂರದ ಪ್ರಯಾಣ ಬೇಡ, ಹೋಮದ ಹೊಗೆಯಂತೂ ಬೇಡವೇ ಬೇಡ ಎಂದು ಡಾಕ್ಟರು ಕಪ್ಪು ಕನ್ನಡಕ ಹಾಕಿಸಿ ಕಳಿಸಿದರು. ಆ ದಿನವೇ ಪಲ್ಲವಿಯ ಫೋನು ಬಂತು. ಮತ್ತಿಘಟ್ಟದ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಚ್ಚಲ ಹಂಡೆಯ ಪಕ್ಕದಲ್ಲಿ ಮಾತ್ರ ಎಂದು ನಿಮಗೆ ಗೊತ್ತೇ ಇದೆ. ಅಲ್ಲಿಗೆ ಓಡಿದೆ.

"ಅಮ್ಮಮ್ಮಾ, ನೀ ಬರದಿದ್ರೆ ಹಸೆಗೆ ಕರೆಯ ಹಾಡು ಯಾರು ಹೇಳ್ತ?"

"ನಿನ್ನ ಆಯಿ ಹೇಳ್ತು," ಎಂದೆ, ನನ್ನ ಮಗಳ ಮೇಲೆ ಭಾರ ಹಾಕಿ.

"ಆಯಿಗೆ ಎರಡೇ ನುಡಿ ಬತ್ತು! ಯಂಗೆ ನಿನ್ನ ಹಾಡೇ ಬೇಕು. ಅಲ್ಲಿಂದ ಲೈವ್ ಹೇಳು. ಅದು ಕೇಳಿದ ಮೇಲೇ ಆನು ಕೋಣೆಯಿಂದ ಹೊರಗೆ ಬಪ್ಪದು. ಇಲ್ದಿದ್ರೆ ಬತ್ನಿಲ್ಲೆ!"

ಹಸೆ ಎಂದರೆ ಮದುಮಗಳು ಕೂರುವ ಮಣೆ. ಎಣ್ಣೆ ಹಚ್ಚಿ, ಮೀಯಿಸಿ, ಜಡೆ ಹಾಕಿ, ಒಡವೆ ತೊಡಿಸಿ, ಸೋದರಮಾವನ ಕೈ ಹಿಡಿಸಿ, ಹಸೆಯ ಮೇಲೆ ಕೂರಿಸುವವರೆಗೆ ಹಾಡು ಇಪ್ಪತ್ತೊಂದು ನುಡಿ. ಒಂದು ಕಾಲದಲ್ಲಿ ಅದನ್ನು ಮುಂದೆ ಕೂತು ಹೇಳುತ್ತಿದ್ದವಳು ನಾನೇ. ನಿಮ್ಮ ಅಜ್ಜ ಹೋದ ಮೇಲೆ ಹಿಂದೆ ಸರಿದೆ. ಯಾರೂ ಬೇಡ ಎನ್ನಲಿಲ್ಲ. ಬಾ ಎಂದೂ ಕರೆಯಲಿಲ್ಲ. ಮದುವೆಮನೆಗಳಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಒಂದು ಕಣ್ಣು ಒಲೆಯ ಮೇಲಿಟ್ಟು, ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ. ಆಗ ನನ್ನ ಸೆರಗು ಹಿಡಿದು ಕಾಯಿತುರಿ ಮುಕ್ಕುತ್ತ ನಿಲ್ಲುತ್ತಿದ್ದ ಕೂಸೇ ಪಲ್ಲವಿ. ಈಗ ಅದೇ ಕೂಸು ಮುಂದೆ ಬಾ ಎಂದು ಕರೆಯುತ್ತಿದೆ! ಆತು ಎಂದೆ.

"ಶಿರಸಿ, ಸಿದ್ದಾಪುರ, ಯಲ್ಲಾಪುರ, ಒಂದೊಂದು ಸ್ಟುಡಿಯೋ ಹೆಸರು ಕಳ್ಸಿದ್ದೆ. ಮೂರನ್ನೂ ನೋಡು. ಒಂದನ್ನ ಆರಿಸು. ಅಮ್ಮಮ್ಮಾ, ಒಂದೇ ಒಂದು!"

ಯಾಕೆ ಅಷ್ಟು ಒತ್ತಿ ಹೇಳಿತೋ! ನನ್ನನ್ನು ಅರಿತ ಕೂಸು.

ಹೊರಡುವಾಗ ನನ್ನ ಅತ್ತೆಯವರು ಹೇಳಿಕೊಟ್ಟ ಒಂದು ನಿಯಮ ನೆನಪಾಯಿತು. ಹೆಣ್ಣು ನೋಡಲು ಹೋದಾಗ ಮನಸ್ಸು ಗಟ್ಟಿಯಾಗುವವರೆಗೆ ಆ ಮನೆಯಲ್ಲಿ ನೀರು ಬಿಟ್ಟು ಬೇರೇನನ್ನೂ ಮುಟ್ಟಬಾರದು. ತಿಂದೆವೋ, ಆಮೇಲೆ ಅವರ ಮುಖ ನೋಡಿ ಬೇಡ ಎನ್ನಲು ಬಾಯಿ ಬರುವುದಿಲ್ಲ. ಸ್ಟುಡಿಯೋಕ್ಕೂ ಅದೇ ನಿಯಮ ಎಂದು ತೀರ್ಮಾನಿಸಿ ಬಸ್ಸಿನಲ್ಲಿ ಜೊತೆಗಿದ್ದ ಗೌರಕ್ಕನಿಗೂ ಹೇಳಿದೆ.

"ನೋಡು ಗೌರಕ್ಕ, ಎಲ್ಲೂ ಎಂತ ಕುಡಿಯದೂ ಇಲ್ಲೆ, ತಿಂಬದೂ ಇಲ್ಲೆ."

"ನಿನ್ನ ಬಾಯಿ ನೀ ಗಟ್ಟಿ ಇಟ್ಕ ಶಾರದಕ್ಕ. ಯನ್ನ ಬಾಯಿ ಯಾವಾಗಲೂ ಗಟ್ಟಿನೇ," ಎಂದಳು ಗೌರಕ್ಕ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಷ್ಟು ಗಟ್ಟಿ.

ಶಿರಸಿಯ ಸ್ಟುಡಿಯೋ ಪೇಟೆಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲಿತ್ತು. ನಾಗರಾಜ ಎಂಬ ಸಭ್ಯ ಮನುಷ್ಯ ಅದರ ಯಜಮಾನ. ಗೋಡೆಗೆಲ್ಲ ಕಪ್ಪು ಹಲಸಿನಕಾಯಿಯ ಸಿಪ್ಪೆ ಹೊದೆಸಿದ ಹಾಗೆ ಸ್ಪಂಜು ಬಡಿದಿದ್ದ. ಬಾಗಿಲು ಹಾಕಿದ್ದೇ ತಡ, ಪೇಟೆಯ ಗದ್ದಲವೆಲ್ಲ ಕತ್ತರಿಸಿಟ್ಟಂತೆ ನಿಂತಿತು. ಗೌರಕ್ಕ ಪರೀಕ್ಷೆಗೆಂದು "ಓಹೋಯ್!" ಎಂದು ಕೂಗಿದಳು. ಕೂಗು ಬಾಯಿಂದ ಹೊರಬಿದ್ದು ಅಲ್ಲೇ ಸತ್ತಿತು.

"ಶಾರದಕ್ಕಾ! ಯಂಗೆ ಕಿವಿ ಹೋತನೇ!"

"ಇಲ್ಲಮ್ಮ, ಇದು ಸೌಂಡ್‌ಪ್ರೂಫ್. ನೆಟ್ ಕೂಡ ಚೆನ್ನಾಗಿದೆ," ಎಂದು ನಾಗರಾಜ ಸಮಾಧಾನ ಮಾಡಿದ. ಅಷ್ಟರಲ್ಲಿ ಅವನ ತಾಯಿ ಒಳಗಿನಿಂದ ಒಂದು ತಟ್ಟೆ ತೊಡದೇವು ತಂದರು. ಕಾಗದಕ್ಕಿಂತ ತೆಳ್ಳಗೆ, ಬೆಲ್ಲದ ಪರಿಮಳ. "ಇವತ್ತೇ ಮಾಡಿದ್ದು, ಒಂದು ತಗೊಳ್ಳಿ."

ಬೇಡ ಎಂದೆ. ಮೂರು ಸಲ ಬೇಡ ಎಂದೆ. ನಮ್ಮ ಕಡೆ ಮೂರು ಸಲ ಬೇಡ ಎಂದವರಿಗೆ ಎರಡು ಬಡಿಸುತ್ತಾರೆ. ಬಾಯಿ ತುಂಬಿದ್ದ ಹೊತ್ತು ನೋಡಿ ನಾಗರಾಜ, "ಹಾಗಾದ್ರೆ ಗುರುವಾರ ಹತ್ತು ಗಂಟೆಗೆ ನಿಮ್ಮ ಹೆಸರು ಬರ್ಕೊಳ್ಳಲಾ ಅಮ್ಮ?" ಎಂದ. ತಲೆ ಆಡಿಸಿದೆ.

"ಆತಲೇ, ಮುಗತ್ತು. ಮನಿಗೆ ಹೋಪನ," ಎಂದಳು ಗೌರಕ್ಕ.

"ಮೂರೂ ನೋಡು ಹೇಳಿದ್ದು ಕೂಸು. ನೋಡದೇ ಸುಳ್ಳು ಹೇಳದು ಹೆಂಗೆ?"

ಪ್ರಾಮಾಣಿಕತೆಯಿಂದ ಮನುಷ್ಯರು ಹೇಗೆ ಹಾಳಾಗುತ್ತಾರೆ ನೋಡಿ!

ಮರುದಿನ ಸಿದ್ದಾಪುರ. ಮುಂದೆ ಪಾಸ್‌ಪೋರ್ಟ್ ಫೋಟೋದ ಅಂಗಡಿ, ಹಿಂದೆ ಸ್ಟುಡಿಯೋ. ಗೋಡೆಯ ಮೇಲೆ ಹಿಮದ ಬೆಟ್ಟದ ಪರದೆ, ಅದರ ಮುಂದೆ ಪ್ಲಾಸ್ಟಿಕ್ ಗುಲಾಬಿ. "ಇಷ್ಟು ಚಳಿಯಲ್ಲಿ ಗುಲಾಬಿ ಹೂ ಬಿಡ್ತನ?" ಎಂದು ಗೌರಕ್ಕ ಯಜಮಾನ ಮಂಜಪ್ಪನನ್ನು ಪ್ರಶ್ನಿಸುತ್ತಿದ್ದಾಗ ಅವನ ಹೆಂಡತಿ ಮುರುಗಲು ಪಾನಕ ತಂದಳು. ನಾನು ನಿಯಮ ನೆನೆದು ಕೈ ಹಿಂದಕ್ಕೆ ತೆಗೆದೆ. ಅವಳ ಮುಖ ಸಣ್ಣದಾಯಿತು.

"ನಮ್ಮನೇಲಿ ಕುಡೀತ್ರೋ ಇಲ್ವೋ ಅಂತ ಗೊತ್ತಾಗ್ಲಿಲ್ಲ ಅಮ್ಮ, ಬೇಜಾರು ಮಾಡ್ಕೋಬೇಡಿ," ಎಂದಳು.

ಅಯ್ಯೋ ದೇವರೇ! ಅವಳು ಹಾಗೆ ತಿಳಿದ ಮೇಲೆ ಒಂದಲ್ಲ, ಎರಡು ಲೋಟ ಕುಡಿದೆ. ಮೂರನೆಯದನ್ನು ನಾನೇ ಕೇಳಿದೆ. ಗುರುವಾರ ಹತ್ತು ಗಂಟೆ ಅಲ್ಲೂ ಖಾತ್ರಿಯಾಯಿತು.

ಯಲ್ಲಾಪುರಕ್ಕೆ ಹೋಗುವಾಗ ಮನೆಯಲ್ಲೇ ಹೊಟ್ಟೆ ತುಂಬ ಉಂಡು ಹೋದೆ. ಯುದ್ಧಕ್ಕೆ ಸಿದ್ಧಳಾಗಿದ್ದೆ. ಸ್ಟುಡಿಯೋದ ಗಣಪತಿ ಕ್ಯಾಮೆರಾದ ಮಾತೇ ಎತ್ತಲಿಲ್ಲ. "ಯಾವೂರಾತು? ಯಾರ ಮನೆ? ತವರು ಎಲ್ಲಿ?" ಎಂದು ಕೇಳಿದ. ನಾಲ್ಕನೆಯ ಪ್ರಶ್ನೆಗೆ ಅವನು ನನ್ನ ಸೋದರಮಾವನ ಮೊಮ್ಮಗ ಎಂದು ಸಾಬೀತಾಯಿತು!

"ಹಂಗಾರೆ ನಿಂಗ ಯಂಗೆ ಅತ್ತೆ! ಊಟ ಮಾಡದೇ ಹೋಪಲೇ ಇಲ್ಲೆ!"

ತಂಬಳಿ, ಅಪ್ಪೆಹುಳಿ, ಪಲ್ಯ, ಪಾಯಸ. ಒಂದೇ ದಿನ ಎರಡು ಊಟ. ಎದ್ದು ಬರುವಾಗ ಗುರುವಾರವೂ ಜೊತೆಗೇ ಬಂತು. ಆ ಸ್ಟುಡಿಯೋದ ಗೋಡೆ ಯಾವ ಬಣ್ಣದ್ದು ಎಂದು ನನಗೆ ಇಂದಿಗೂ ಗೊತ್ತಿಲ್ಲ. ನೋಡಲೇ ಇಲ್ಲ.

ಹೀಗೆ ಒಂದು ಹಾಡು, ಒಂದು ಮುಹೂರ್ತ, ಮೂರು ಸ್ಟುಡಿಯೋ.

ಎರಡನ್ನು ಬಿಡಿಸಿಕೊಳ್ಳಲು ಪ್ರಯತ್ನಪಡಲಿಲ್ಲ ಎಂದು ತಿಳಿಯಬೇಡಿ. ಹಂಡೆಯ ಎದುರು ನಿಂತು "ದಯವಿಟ್ಟು ಕ್ಷಮಿಸಬೇಕು, ನಮಗೆ ನಿಮ್ಮ ಸ್ಟುಡಿಯೋ ಬೇಕಾಗಿಲ್ಲ" ಎಂದು ಎಂಟು ಸಲ ಅಭ್ಯಾಸ ಮಾಡಿದೆ. ಹಂಡೆ ಏನೂ ಬೇಸರ ಮಾಡಿಕೊಳ್ಳಲಿಲ್ಲ. ಧೈರ್ಯ ಬಂದು ನಾಗರಾಜನಿಗೆ ಫೋನು ಮಾಡಿದೆ. ಎತ್ತಿದವರು ಅವನ ತಾಯಿ.

"ತೊಡದೇವು ಹಿಡಿಸ್ತಾ ಅಮ್ಮ?"

"ರಾಶಿ ಚೊಲೋ ಇತ್ತು," ಎಂದು ಫೋನು ಇಟ್ಟೆ.

ಕೊನೆಗೆ ದಾರಿ ತೋರಿಸಿದವಳು ಗೌರಕ್ಕ. "ಅಲ್ದ ಶಾರದಕ್ಕ, ಹಸೆ ಹಾಡು ಒಬ್ಬರೇ ಹೇಳ ಹಾಡನಾ? ಒಬ್ಬರು ಒಂದು ಸಾಲು ಹೇಳದು, ಉಳಿದವು ಅದನ್ನೇ ತಿರುಗಿ ಹೇಳದು. ನೀನು ಶಿರಸಿಯಲ್ಲಿ ಹೇಳು. ಆನು ಸಿದ್ದಾಪುರದಲ್ಲಿ ಕೂತು ತಿರುಗಿ ಹೇಳ್ತೆ. ಯಲ್ಲಾಪುರದಲ್ಲಿ ನಿನ್ನ ಕಮಲತ್ತಿಗೆ ಇದ್ದಲೇ!"

ಕಮಲತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಭಾರೀ ಶಿಸ್ತು. ಹಾಡಿನಲ್ಲಿ ಎಲ್ಲಿ ತಪ್ಪಿದರೂ ಮೊದಲಿನಿಂದ ಶುರುಮಾಡುವುದು ಅವಳ ವ್ರತ. ಗಣಪತಿಗೆ ಹೇಳಿದೆ. "ಅಡ್ಡಿಲ್ಲೆ ಅತ್ತೆ, ಮೂರೂ ಕಡೆಯಿಂದ ಒಂದೇ ಲಿಂಕಿಗೆ ಸೇರಿಸ್ತೆ. ಪುಣೆಯಲ್ಲಿ ದೊಡ್ಡ ಪರದೆ ಮೇಲೆ ಮೂರೂ ಜನ ಪಕ್ಕಪಕ್ಕ ಕಾಣ್ತಿ," ಎಂದ. ಎಂಥ ಬುದ್ಧಿ! ಯಾರಿಗೂ ಬೇಸರವಿಲ್ಲ, ಎಲ್ಲರ ಅನ್ನದ ಋಣವೂ ತೀರಿತು. ಆ ಎರಡು ದಿನ ನನ್ನಷ್ಟು ಜಾಣೆ ಮೂರು ತಾಲೂಕಿನಲ್ಲಿ ಇರಲಿಲ್ಲ.

ಗುರುವಾರ ಬಂತು. ಸ್ಪಂಜಿನ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತೆ. ಶುರುವಿಗೆ ಮುಂಚೆ ಪರೀಕ್ಷೆ.

"ಗೌರಕ್ಕ, ಕೇಳ್ತಾ?"

ಬಹಳ ಹೊತ್ತಿನ ಮೇಲೆ "ಕೇಳ್ತು" ಎಂದಳು. ಗೌರಕ್ಕ ಜೀವಮಾನದಲ್ಲಿ ಮೊದಲ ಬಾರಿ ಯೋಚಿಸಿ ಮಾತಾಡುತ್ತಿದ್ದಾಳೆ ಎಂದು ಖುಷಿಪಟ್ಟೆ. ಮಾತು ಊರಿಂದ ಊರಿಗೆ ತಡವಾಗಿ ಹೋಗುತ್ತಿದೆ ಎಂಬುದು ಏಳನೇ ಇಯತ್ತೆಗೆ ಹೊಳೆಯಲಿಲ್ಲ.

ನಾಗರಾಜ ಗಾಜಿನ ಆಚೆಯಿಂದ ಕೈ ಬೀಸಿದ. ಶುರು! ಎಣ್ಣೆ ಹಚ್ಚುವ ನುಡಿಯ ಮೊದಲ ಸಾಲು ಹೇಳಿದೆ. ತಿರುಗಿ ಹೇಳುವವರಿಗಾಗಿ ಕಾದೆ. ನಿಶ್ಶಬ್ದ. ಆ ಕೋಣೆಯ ನಿಶ್ಶಬ್ದ ಎಂದರೆ ಬಾವಿಯೊಳಗೆ ಇಳಿದ ಹಾಗೆ. ಪುಣೆಯಲ್ಲಿ ಮುನ್ನೂರು ಜನ ನೋಡುತ್ತಿರುವಾಗ ಸುಮ್ಮನೆ ಕೂರುವುದು ಹೇಗೆ? ಹೆದರಿ ಎರಡನೆಯ ಸಾಲು ಹೇಳಿದೆ. ಅದರ ನಡುವೆ ಗೌರಕ್ಕನ ಮೊದಲ ಸಾಲು ಬಂತು. ನಾನು ಇನ್ನಷ್ಟು ಬೇಗ ಹೇಳಿದೆ. ಗೌರಕ್ಕ ನಿಯತ್ತಿನ ಹೆಂಗಸು, ಕಿವಿಗೆ ಬಿದ್ದದ್ದನ್ನೆಲ್ಲ ಒಂದೂ ಬಿಡದೆ ತಿರುಗಿ ಹೇಳಿದಳು. ಕಮಲತ್ತಿಗೆ ಎರಡು ಕಡೆಯಿಂದ ಎರಡು ಸಾಲು ಕೇಳಿ, ಎಲ್ಲೋ ತಪ್ಪಿದೆ ಎಂದು ಖಚಿತಮಾಡಿಕೊಂಡು, ಮೊದಲಿನಿಂದ ಶುರುಮಾಡಿದಳು. ಮತ್ತೆ ತಪ್ಪಿತು. ಮತ್ತೆ ಶುರುಮಾಡಿದಳು!

ಪುಣೆಯಲ್ಲಿ ನಡೆದದ್ದನ್ನು ನಾನು ಆಮೇಲೆ ವಿಡಿಯೋದಲ್ಲಿ ನೋಡಿದೆ. ಹೇಳಿದ ಮಾತಿಗೆ ತಪ್ಪದ ಕೂಸು ಪಲ್ಲವಿ, ಹಾಡಿನ ಪ್ರಕಾರವೇ ನಡೆಯಲು ಹೊರಟಿದೆ. ನನ್ನ ಹಾಡಿಗೆ ಹೊಸ್ತಿಲು ದಾಟಿತು. ಗೌರಕ್ಕನದು ಕೇಳಿ ಒಂದು ಹೆಜ್ಜೆ ಹಿಂದಿಟ್ಟಿತು. ಕಮಲತ್ತಿಗೆಯದು ಕೇಳಿ ಪೂರ್ತಿ ಒಳಗೆ ಹೋಯಿತು. ಕೈ ಹಿಡಿದು ನಿಂತಿದ್ದ ಸೋದರಮಾವ, ಎಂದರೆ ನನ್ನ ಮಗ ಶ್ರೀಧರ, ಉಯ್ಯಾಲೆಯ ಹಾಗೆ ಒಳಗೂ ಹೊರಗೂ ತೂಗುತ್ತಿದ್ದಾನೆ. ಮಂಟಪದಿಂದ ಭಟ್ಟರು ಕೂಗಿದರು.

"ಹೋಯ್ ಶ್ರೀಧರಾ! ಯಾವ ತಾಲೂಕಿನ ಪ್ರಕಾರ ಕೂಸಿನ ಕರ್ಕಂಡು ಬತ್ತೆ? ಶಿರಸಿಯಲ್ಲಿ ಒಡವೆ ತೊಡ್ಸಾತು! ಸಿದ್ದಾಪುರದಲ್ಲಿ ಜಡೆ ಹಾಕ್ತಾ ಇದ್ದ! ಯಲ್ಲಾಪುರದಲ್ಲಿ ಇನ್ನೂ ಎಣ್ಣೆನೇ ಹಚ್ಚಿದ್ವಿಲ್ಲೆ! ಮುಹೂರ್ತ ನಿಲ್ತಿಲ್ಲೆ ಮಾರಾಯಾ!"

ಇತ್ತ ನಾಗರಾಜ ಗಾಜಿನ ಆಚೆ ಎರಡೂ ಕೈ ಆಡಿಸುತ್ತಿದ್ದ. ಮೆಚ್ಚಿಕೊಂಡಿದ್ದಾನೆ ಎಂದು ತಿಳಿದು ಸ್ವರ ಏರಿಸಿದೆ.

ಆಗ ಪಲ್ಲವಿ ಒಂದು ಕೆಲಸ ಮಾಡಿತು. ಪರದೆಯ ಧ್ವನಿ ನಿಲ್ಲಿಸಿ ಎಂದು ಸನ್ನೆ ಮಾಡಿತು. ಬಾಗಿಲಲ್ಲಿ ನಿಂತು ತಾನೇ ಹೇಳಲು ಶುರುಮಾಡಿತು. ತನ್ನನ್ನು ಹಸೆಗೆ ಕರೆಯುವ ಹಾಡನ್ನು ತಾನೇ! ಇಂಥದ್ದನ್ನು ಯಾವ ಮದುವೆಯಲ್ಲೂ ನಾನು ಕಂಡಿಲ್ಲ. ಅದೇ ಧಾಟಿ, ನಾನು ಉಸಿರು ಎಳೆಯುವ ಕಡೆಯೇ ಉಸಿರು. ಅಡಿಗೆಮನೆಯ ಬಾಗಿಲಲ್ಲಿ ನಾನು ಮೆಲ್ಲಗೆ ಗುನುಗಿದ್ದನ್ನೆಲ್ಲ ಆ ಕೂಸು ಕಾಯಿತುರಿಯ ಜೊತೆಗೇ ನುಂಗಿತ್ತು ಮಕ್ಕಳೇ. ವಿಡಿಯೋದಲ್ಲಿ ಇದನ್ನು ನೋಡುವಾಗ ಡಾಕ್ಟರು ಕಣ್ಣಿಗೆ ನೀರು ತಾಗಿಸಬಾರದು ಎಂದದ್ದು ಮರೆತೇಹೋಯಿತು.

ಹದಿಮೂರನೆಯ ನುಡಿ ಮುಗಿದದ್ದೇ ಪಲ್ಲವಿ ಅದೇ ರಾಗದಲ್ಲಿ, ಅಷ್ಟೇ ಭಕ್ತಿಯಿಂದ, "ಒಲೆ ಮೇಲೆ ಹಾಲಿದ್ದು, ಉಕ್ತು ನೋಡ್ರೇ" ಎಂದು ಹಾಡಿತು.

ಅದು ಹಾಡಿನಲ್ಲಿ ಇಲ್ಲ. ಅದು ನಾನು ಒಲೆಯ ಕಡೆ ತಿರುಗಿ ಕೂಗುತ್ತಿದ್ದದ್ದು!

ಗಂಡಿನ ಕಡೆಯ ನಾಲ್ಕು ಹೆಂಗಸರು ಗಾಬರಿಯಿಂದ ಅಡಿಗೆಮನೆಗೆ ಓಡಿದರು. ನೋಡಿದರೆ ಒಲೆಯ ಮೇಲೆ ನಿಜವಾಗಿಯೂ ಹಾಲಿತ್ತು, ನಿಜವಾಗಿಯೂ ಉಕ್ಕುತ್ತಿತ್ತು. ಎಂಥ ಶುಭ ಶಕುನ! ಕೂಸು ಹಸೆಯ ಮೇಲೆ ಕೂತಿತು, ಮುಹೂರ್ತವೂ ಸಿಕ್ಕಿತು. ಈಗ ಗಂಡಿನ ಕಡೆಯವರು ಹದಿಮೂರನೆಯ ನುಡಿಗೆ ಹಾಲು ಉಕ್ಕಿಸುವುದು ನಮ್ಮ ಕಡೆಯ ಪ್ರಾಚೀನ ಸಂಪ್ರದಾಯ ಎಂದು ನಂಬಿ, ಮುಂದಿನ ಮದುವೆಗೂ ಅದನ್ನು ಗೊತ್ತುಮಾಡಿಕೊಂಡಿದ್ದಾರೆ. ಅಲ್ಲ ಎಂದು ಅವರಿಗೆ ಹೇಳಲು, ಮದುವೆ ಮುಗಿಸಿ ಬಂದ ನನ್ನ ಮಗಳು ಫೋನು ಹಚ್ಚಿಕೊಟ್ಟಳು. ಅವರು ಕಳಿಸಿದ ಲಾಡು ನನ್ನ ಕೈಯಲ್ಲೇ ಇತ್ತು. ಹೌದು ಎಂದುಬಿಟ್ಟೆ.

ಮತ್ತೆ ಶಿರಸಿಯ ಮಾತು. ನಾನು ಇಪ್ಪತ್ತೊಂದನೆಯ ನುಡಿಯವರೆಗೂ ಕಣ್ಣು ಮುಚ್ಚಿ ಹೇಳಿ, ತೃಪ್ತಿಯಿಂದ ಕೈಮುಗಿದೆ. ನಾಗರಾಜ ಬಾಗಿಲು ತೆರೆದು, "ಅಮ್ಮ, ಅಲ್ಲಿ ಧ್ವನಿ ನಿಲ್ಲಿಸಿ ಬಹಳ ಹೊತ್ತಾಯ್ತು. ಕೂಸು ಹಸೆ ಮೇಲೆ ಕೂತೂ ಆಯ್ತು," ಎಂದ. ಹಾಗಾದರೆ ಇಷ್ಟು ಹೊತ್ತು ನನ್ನ ಹಾಡು ಕೇಳಿದವರು ಯಾರು ಎಂದೆ. "ಯಲ್ಲಾಪುರದ ಅಮ್ಮ ಒಬ್ರು ಇನ್ನೂ ಇದ್ದಾರೆ," ಎಂದ. ಕಿವಿಗೆ ವಯರು ಸಿಕ್ಕಿಸಿ ಕೇಳಿದೆ. ಕಮಲತ್ತಿಗೆ ಎಣ್ಣೆ ಹಚ್ಚುತ್ತಿದ್ದಳು.

ಮಕ್ಕಳೇ, ಇನ್ನು ನಿಮ್ಮಲ್ಲಿ ಯಾರ ಮದುವೆಯಾದರೂ ಸರಿ, ಬಸ್ಸಿನಲ್ಲಿ ಮಲಗಿಕೊಂಡಾದರೂ ನಾನೇ ಬರುತ್ತೇನೆ, ಮುಂದೆಯೇ ಕೂರುತ್ತೇನೆ. ಏನನ್ನಾದರೂ ಆರಿಸಲು ಮಾತ್ರ ನನಗೆ ಹೇಳಬೇಡಿ. ಹೋದ ವಾರ ಒಂದು ಮಿಕ್ಸರ್ ನೋಡಲೆಂದು ಶಿರಸಿ ಪೇಟೆಗೆ ಹೋಗಿದ್ದೆ. ಎರಡು ಅಂಗಡಿಯವರು ಕಷಾಯ ಕೊಟ್ಟರು. ಈಗ ಮನೆಯಲ್ಲಿ ಎರಡು ಮಿಕ್ಸರ್ ಇವೆ. ಮೊದಲು ಬಂದವರು ಒಂದನ್ನು ಒಯ್ಯಿರಿ.