ಕುಂಕುಮ ಇಟ್ಟ ಪೆಡಲ್‌ಗಳು

ಮಾತಿಗೊಂದು ಜೀವ ಬೇಕೆಂದು ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ. ತೀರ್ಥಹಳ್ಳಿಯ ನಿರಂಜನ ಪೆಡಲ್ ಸಾಕಲು ಹೊರಟ. ಸೈಕಲ್ಲಿನದಲ್ಲ, ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಬೇಕಾದಂತೆ ಬದಲಾಯಿಸುವ ಪುಟ್ಟ ಕಬ್ಬಿಣದ ಡಬ್ಬಿ. ಎರಡೂ ಕೈ ಗಿಟಾರಿನ ಮೇಲಿರುವುದರಿಂದ ಅದನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತಬೇಕು.

ಒಂದು ಕಾಲಕ್ಕೆ ಸಾಗರದಿಂದ ಮೇಳಿಗೆಯವರೆಗೆ ಅವನು ಗಿಟಾರ್ ನುಡಿಸುತ್ತಿದ್ದ ಆರ್ಕೆಸ್ಟ್ರಾ ಇಲ್ಲದೆ ಯಾವ ಗಣಪತಿಯೂ ನೀರಿಗಿಳಿಯುತ್ತಿರಲಿಲ್ಲ (ಇದು ನಿರಂಜನನ ಮಾತು, ಗಣಪತಿಯ ಅಭಿಪ್ರಾಯ ತಿಳಿದಿಲ್ಲ). ಆಮೇಲೆ ಡಿಜೆ ಬಂತು. ಡ್ರಮ್ಸ್ ಬಾರಿಸುತ್ತಿದ್ದ ಉಮೇಶ್ ಹೊಸನಗರದಲ್ಲಿ ಕೋಳಿ ಅಂಗಡಿ ಇಟ್ಟ, ಉಳಿದವರೂ ದಿಕ್ಕಾಪಾಲಾದರು. ನಿರಂಜನ ಖಾಸಗಿ ಬಸ್ಸಿನ ಏಜೆಂಟನಾದ. ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. ಅವನನ್ನು ಮಾತ್ರ ಯಾರೂ ಬಸ್ಸಿನ ಹೊತ್ತು ಬಿಟ್ಟು ಬೇರೇನೂ ಕೇಳುವುದಿಲ್ಲ. ಮನೆಗೆ ಬಂದರೆ ಹೆಂಡತಿ ಭವ್ಯಾ ಹೊಲಿಗೆ ಮಿಷನ್ನಿನ ಮುಂದೆ. ಏನು ಹೇಳಿದರೂ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು "ಹೂಂ" ಎನ್ನುತ್ತಾಳೆ. ಹೆಂಡತಿ ಎದುರಿಗಿದ್ದೂ ಒಂಟಿಯಾಗಿರುವುದು ಬಹಳ ಕಷ್ಟ, ಯಾರಲ್ಲೂ ಹೇಳಿಕೊಳ್ಳುವಂತೆಯೂ ಇಲ್ಲ.

ಮಳೆಗಾಲ ಪೂರ್ತಿ ಮೊಬೈಲಿನಲ್ಲಿ ವಿಡಿಯೊ ನೋಡಿ, ಹೆಣ್ಣು ನೋಡುವಾಗಲೂ ಮಾಡದಷ್ಟು ವಿಚಾರ ಮಾಡಿ ಅವನು ಮೂರು ಪೆಡಲ್ ಆರಿಸಿದ. ಒಂದು, ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್. ಇನ್ನೊಂದು ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಡಿಲೇ. ಯಾರೋ ಓಗೊಟ್ಟಂತಾಗುತ್ತದೆಂದು ಅದರ ಮೇಲೇ ಪ್ರೀತಿ ಹೆಚ್ಚು. ಮತ್ತೊಂದು ಟ್ಯೂನರ್. ಅದನ್ನು ಒತ್ತಿದರೆ ಹೊರಗೆ ಸದ್ದೇ ಬಾರದು, ಗುಟ್ಟಾಗಿ ಶ್ರುತಿ ಮಾಡಿಕೊಳ್ಳಬಹುದು.

ಪಾರ್ಸೆಲ್ ಬಂದದ್ದು ಆಯುಧಪೂಜೆಯ ದಿನ. ಭವ್ಯಾ ಒಮ್ಮೆಯಾದರೂ ಕಣ್ಣೆತ್ತಿ ನೋಡಲಿ ಎಂಬ ಆಸೆಯಿಂದ ನಿರಂಜನ ಪೆಡಲ್‌ಗಳನ್ನೂ ಅವಳ ಮಿಷನ್ನಿನ ಪಕ್ಕ ಪೂಜೆಗಿಟ್ಟ. ಅವಳು ಧಾರಾಳವಾಗಿ ಒಂದೊಂದರ ನೆತ್ತಿಗೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಳು. ಮರುದಿನ ಬೆಳಿಗ್ಗೆ ಅವನು ಗಿಟಾರ್ ಹೆಗಲಿಗೇರಿಸಿ ಕಾಲೆತ್ತಿದ.

"ರೀ! ಕುಂಕುಮ ತುಳೀತೀರಾ?"

"ಇದನ್ನ ಕಾಲಲ್ಲೇ ಒತ್ತೋದು ಮಾರಾಯ್ತಿ."

"ಸರಸ್ವತೀನ ಯಾರಾದ್ರೂ ಒದೀತಾರಾ?"

"ನೀನು ಮಿಷನ್ ತುಳಿಯಲ್ವಾ? ಅದಕ್ಕೂ ಪೂಜೆ ಮಾಡಿದೀಯಲ್ಲ!"

"ಮಿಷನ್ನಿಗೆ ಕುಂಕುಮ ಇಟ್ಟಿದ್ದು ತಲೆಗೆ, ನಾನು ತುಳಿಯೋದು ಬುಡಾನ. ನಿಮ್ಮದಕ್ಕೆ ತಲೆ ಯಾವುದು, ಬುಡ ಯಾವುದು ತೋರ್ಸಿ ನೋಡಾಣ."

ಈ ತರ್ಕಶಾಸ್ತ್ರ ಕೇಳಿ ನಿರಂಜನ ಕಾಲೆತ್ತಿಕೊಂಡೇ ಡಬ್ಬಿಯ ತಲೆ ಹುಡುಕಿದ. ನಿಜ ಹೇಳಬೇಕೆಂದರೆ ಎತ್ತಿದ ಕಾಲನ್ನು ಇಳಿಸಲು ಅವನಿಗೂ ಮನಸ್ಸು ಬರಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವನು. ಬಗ್ಗಿ ಕೈಯಿಂದ ಒತ್ತಿದ, ಎದ್ದು ನುಡಿಸಿದ, ಮತ್ತೆ ಬಗ್ಗಿದ. ಸೊಂಟ ಲಟಕ್ಕೆಂದಿತು.

"ಎಂಥದ್ರೀ ಇದು, ಬಸ್ಕಿ ಹೊಡೀತಿದೀರಾ? ಇರಿ, ನಾನೇ ಒತ್ತಿಕೊಡ್ತೀನಿ," ಎಂದು ಭವ್ಯಾ ಮಣೆ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಅವಳು ಹಾಗೆ ಕೂತು ಎಷ್ಟು ಕಾಲವಾಗಿತ್ತೋ! ನಿರಂಜನ ಗಿಟಾರ್ ಮೀಟಿದ.

ಅವಳು ಡಿಸ್ಟಾರ್ಷನ್ ಒತ್ತಿದಳು. "ಥೂ, ಮಿಕ್ಸಿಗೆ ಕಲ್ಲು ಬಿದ್ದ ಹಾಗಿದೆ."

ಡಿಲೇ ಒತ್ತಿದಳು. "ಹೇಳಿದ್ದನ್ನೇ ಹೇಳತ್ತಲ್ರೀ. ಮನೇಲಿ ನೀವೊಬ್ರು ಸಾಲ್ದಾ?"

ಟ್ಯೂನರ್ ಒತ್ತಿದಳು. ಗಿಟಾರ್ ಗಪ್‌ಚಿಪ್ಪಾಯಿತು.

"ಹಾಂ! ಇದು ಚಂದ. ಎಷ್ಟು ಹಿತವಾಗಿದೆ! ಇದೊಂದನ್ನೇ ತಂದಿದ್ರೆ ಸಾಕಿತ್ತು."

ಮಳೆಗಾಲವಿಡೀ ಮಾಡಿದ ತಪಸ್ಸಿಗೆ ಸಿಕ್ಕ ವರ ಇದು. ನಿರಂಜನ ಜಗಳಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಅವಳು ಪೆಡಲ್ ಮೇಲೆ ಕೈಯಿಟ್ಟುಕೊಂಡೇ ಮಾತಿಗೆ ತೊಡಗಿದಳು. "ದಿನಾ ಆ ಮಿಷನ್ ಸದ್ದಲ್ಲಿ ನನ್ನ ದನಿ ನಂಗೇ ಕೇಳಲ್ಲ ನೋಡಿ. ಬರೋರೆಲ್ಲ ಅಳತೆ ಕೊಟ್ಟು ಹೋಗ್ತಾರೆ. ಹೆಂಗಿದೀಯ ಅಂತ ಒಬ್ರೂ ಕೇಳಲ್ಲ..."

ತನ್ನದೊಂದೇ ಒಂಟಿತನ ಎಂದುಕೊಂಡಿದ್ದವನಿಗೆ ಎದೆ ಚುರುಕ್ಕೆಂದಿತು. ಅವನು ಸದ್ದಿಲ್ಲದ ಗಿಟಾರನ್ನು ಮೀಟುತ್ತಲೇ "ಹೂಂ" ಎಂದ. ಅವಳು ಹೇಳುತ್ತ ಹೋದಳು.

"ಕೈ ನೋಯ್ತಿದೆ ಕಣ್ರೀ. ತೆಗೀಲಾ?"

ಒಮ್ಮೆ ಒತ್ತಿದರೆ ಸಾಕು, ಹಿಡಿದುಕೊಂಡಿರಬೇಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗೆಂದು ಹೇಳಿದರೆ ಅವಳು ಎದ್ದು ಮಿಷನ್ನಿಗೆ ಹೋಗುತ್ತಾಳೆ ಎಂಬುದೂ ಗೊತ್ತಿತ್ತು.

"ತೆಗೀಬೇಡ ಮಾರಾಯ್ತಿ," ಎಂದ, "ಇನ್ನೊಂದು ಕೈ ಇಡು."